ತೂಕಡಿಸಿ ಸೆಕ್ರೆಟರಿಯಾದೆ

ಕಳೆದ ಭಾನುವಾರ ಬೆಳಗ್ಗೆ ನಾನು ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿಯಾಗಿ ಅವಿರೋಧವಾಗಿ ಆಯ್ಕೆಯಾದೆ. ಅದು ನನಗೆ ಗೊತ್ತಾಗಿದ್ದು ಮಧ್ಯಾಹ್ನ ಊಟಕ್ಕೆ ಕೂತಾಗ.

‘ಸುಳ್ಳು. ನಾನು ಒಪ್ಕೊಂಡೇ ಇಲ್ಲ’ ಅಂದೆ.

‘ತಲೆಯಾಡಿಸಿದ್ರಲ್ಲ ರೀ’ ಅಂದಳು ಹೆಂಡತಿ ಸುಮಾ.

‘ಪುರಾವೆ?’

(ಎಂ.ಎಸ್ಸಿ. ಓದಿದ ಕಾಲದಿಂದ ಇದು ನನ್ನ ಚಟ. ಉತ್ತರಹಳ್ಳಿಯ ನಮ್ಮ ಬಿಲ್ಡಿಂಗಿನಲ್ಲಿ ನೀರಿನ ಟ್ಯಾಂಕರ್‌ನಿಂದ ಗಣೇಶನ ಪೆಂಡಾಲ್‌ವರೆಗೆ ಯಾವುದಕ್ಕೂ ಪುರಾವೆ ಕೇಳದೆ ನಾನು ‘ಆಗಲಿ’ ಅಂದಿದ್ದೇ ಇಲ್ಲ.)

ಪುರಾವೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಇತ್ತು. ಬೆಳಗಿನ ಮೀಟಿಂಗಿನ ವಿಡಿಯೋ! ಮೇಲಿನ ಮನೆಯ ಗೌಡರು ಕೇಳುತ್ತಾರೆ, ‘ಸಾರ್, ಈ ಸಲ ನೀವೇ ಸೆಕ್ರೆಟರಿ ಆಗ್ಬಿಡಿ, ಏನಂತೀರಾ?’ ನನ್ನ ತಲೆ ಗಂಭೀರವಾಗಿ ಕೆಳಗಿಳಿಯುತ್ತದೆ. ಮೇಲೇರುತ್ತದೆ. ಮತ್ತೆ ಇಳಿಯುತ್ತದೆ. ಚಪ್ಪಾಳೆ. ನನಗೆ ನೆನಪಿರುವುದು ಆ ಚಪ್ಪಾಳೆಯೊಂದೇ. ಕೇಸರಿಬಾತ್ ಬಂತು ಅಂದುಕೊಂಡಿದ್ದೆ.

ಆಗಿದ್ದಿಷ್ಟು. ಕೆಲವು ತಿಂಗಳಿಂದ ನನಗೆ ಖಿನ್ನತೆ. (ಬಿ.ಪಿ. ಇದೆ ಅನ್ನುವಷ್ಟೇ ಸಲೀಸಾಗಿ ಇದನ್ನೂ ಹೇಳಬಾರದೇಕೆ?) ನಿದ್ದೆಯೂ ಬರಲಿ ಅಂತ ಡಾಕ್ಟರು ಮಂಪರು ತರುವ ಮಾತ್ರೆ ಕೊಟ್ಟಿದ್ದರು. ಮನಸ್ಸು ಹಗುರಾಯಿತು, ನಿಜ. ಹಸಿವು ಹೆಚ್ಚಿ ಹೊಟ್ಟೆ ಭಾರವಾಯಿತು, ಅದೂ ನಿಜ. ಶನಿವಾರ ಮಾತ್ರ ಕ್ರಿಕೆಟ್ ಮ್ಯಾಚ್ ನೋಡುತ್ತ ಮಾತ್ರೆಯನ್ನು ತಡವಾಗಿ ನುಂಗಿದ್ದೆ. ಮರುದಿನ ಅದರ ಮಂಪರು ಮೀಟಿಂಗಿಗೂ ನನ್ನ ಜೊತೆ ಬಂದಿತ್ತು.

‘ಇವತ್ತಿಂದ ಮಾತ್ರೆ ಬಂದ್’ ಅಂದೆ. ‘ನನ್ನ ತಲೆ ನನ್ನ ಮಾತೇ ಕೇಳ್ತಿಲ್ಲ.’

‘ಮೊದ್ಲು ಹೇಗಿದ್ರಿ, ಮರೆತ್ರಾ? ಗೋಡೆ ನೋಡ್ಕೊಂಡು ಕೂತಿರ್ತಿದ್ರಿ. ಆ ಮನುಷ್ಯ ನಂಗೆ ಮತ್ತೆ ಬೇಡ.’ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಸೋಮವಾರ ಬೆಳಗ್ಗೆ ಡಾಕ್ಟರ ಹತ್ತಿರ ಹೊರಟೆವು. ನಾನು ಸ್ಕೂಟರ್ ಕೀ ತೆಗೆದುಕೊಂಡೆ. ಅವಳು ಅದನ್ನು ಕಿತ್ತುಕೊಂಡು ಆಟೋ ಕರೆದಳು.

ಜಯನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರು ವಿಡಿಯೋ ನೋಡಿ ಮನಸಾರೆ ನಕ್ಕರು. ಆಮೇಲೆ ಕೇಳಿದರು, ‘ಇದೇ ತೂಕಡಿಕೆ ಬನಶಂಕರಿ ಸಿಗ್ನಲ್‌ನಲ್ಲಿ, ಸ್ಕೂಟರ್ ಮೇಲೆ ಬಂದಿದ್ರೆ?’

ಈ ಸಲ ನನಗೆ ಪುರಾವೆ ಕೇಳುವ ಧೈರ್ಯ ಬರಲಿಲ್ಲ.

‘ನೀವಾಗೇ ದಿಢೀರ್ ಅಂತ ನಿಲ್ಲಿಸ್ಬೇಡಿ, ಖಿನ್ನತೆ ವಾಪಸ್ ಬರಬಹುದು. ಡೋಸ್ ನಾನು ನೋಡ್ತೀನಿ. ರಾತ್ರಿ ಬೇಗ ತಗೊಳ್ಳಿ. ಮಂಪರು ಹೋಗೋವರೆಗೂ ಗಾಡಿ ಮುಟ್ಬೇಡಿ. ಡ್ರಿಂಕ್ಸ್ ಅಂತೂ ಬೇಡವೇ ಬೇಡ. ಅರ್ಥ ಆಯ್ತಾ?’

ನಾನು ತಲೆಯಾಡಿಸಿದೆ.

‘ಬಾಯಲ್ಲಿ ಹೇಳಿಸ್ಕೊಳ್ಳಿ ಡಾಕ್ಟ್ರೇ’ ಅಂದಳು ಸುಮಾ, ‘ಇವರ ತಲೆ ನಂಬೋ ಹಾಗಿಲ್ಲ.’