ಒದ್ದೆ ಗೋಣಿತಾಟಿನ ಹಿಂದಿನ ಮರುಗ

ಪುಟ್ಟಗಂಗಮ್ಮನ ಮುತ್ತಜ್ಜ ಚಿಕ್ಕಹನುಮಯ್ಯ ಹಲಸಿನ ಮಣೆಯೊಂದನ್ನು ತಲೆ ಮೇಲೆ ಹೊತ್ತು, ಕುಣಿಗಲ್ ಸೀಮೆಯಿಂದ ನಿಟ್ಟೂರಿಗೆ ನಡೆದು ಬಂದು ಊದುಬತ್ತಿ ಹೊಸೆಯಲು ಕೂತವನು. ಅವನ ಮಗಳು ಕದರಮ್ಮ, ಪ್ಲೇಗು ಬಂದು ಊರಿಗೆ ಊರೇ ಬಯಲಿಗೆ ಬಿದ್ದಾಗ, ಹೆಣ ಬಿದ್ದ ಮನೆಗೂ ಒಬ್ಬಳೇ ನುಗ್ಗಿ ಸಾಂಬ್ರಾಣಿ ಹೊಗೆ ಹಾಕಿ ಬಂದ ಎದೆಗಾರ್ತಿ. ಕದರಮ್ಮನ ಮಗ ಚಿಕ್ಕಮಾರಯ್ಯ, ಕಣ್ಣು ಕಟ್ಟಿ ಬಿಟ್ಟರೂ, ಹೂವು ಯಾರ ಹಿತ್ತಲದ್ದೆಂದು ಮೂಸಿಯೇ ಹೇಳುತ್ತಿದ್ದ. ಅಂಥ ಅಪ್ಪನ ಮೂಗು ಪುಟ್ಟಗಂಗಮ್ಮನಿಗೂ ಬಂದಿತ್ತು. ಮುಪ್ಪಿನಲ್ಲಿ ಅದೇ ಮುಳ್ಳಾಯಿತು.

ತಂಗಿ ಪ್ರೇಮಲತಾ ಅದೇ ಮಣೆಯ ಎದುರು ಕೂತು ಬತ್ತಿ ಹೊಸೆದವಳು. ತುರುಬಿನಲ್ಲಿ ಸದಾ ಮರುಗ. ಹೋದ ಕಾರ್ತೀಕದಲ್ಲಿ ಜ್ವರ ಬಂದು ತೀರಿಕೊಂಡಳು. ಅವಳ ಸೀರೆಗಳನ್ನು ಹಗ್ಗದ ಮೇಲೆ ಹಾಗೇ ಬಿಟ್ಟು ಪುಟ್ಟಗಂಗಮ್ಮ ಕೋಣೆಯ ಬಾಗಿಲು ಮುಚ್ಚಿದಳು. ಆದರೆ ಉರಿಬಿಸಿಲ ಹೊತ್ತಿನಲ್ಲಿ, ಎಲೆಯೂ ಅಲುಗದಾಗ, ಬಾಗಿಲ ಸಂದಿಯಿಂದ ಮರುಗದ ವಾಸನೆ ಬಂದು ಅವಳ ಬೆನ್ನ ಹಿಂದೆ ನಿಲ್ಲುತ್ತಿತ್ತು. ಕಡ್ಡಿ ಹೊಸೆಯುತ್ತಿದ್ದ ಅಂಗೈ ತಟ್ಟನೆ ನಿಲ್ಲುತ್ತಿತ್ತು.

"ಬಂದ್ಯೇನೇ?" ಎನ್ನುತ್ತಿದ್ದಳು. ತಿರುಗಿ ಮಾತ್ರ ನೋಡುತ್ತಿರಲಿಲ್ಲ.

ಸೊಸೆ ಅರುಣಾ ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅತ್ತೆ ಬರಿಗಾಳಿಯೊಡನೆ ಮಾತಾಡುವುದನ್ನು ಕಂಡು ಹೆದರಿದಳು.

"ಅತ್ತೆ, ಅದು ಗಾಳಿ ಸೋಂಕಲ್ಲ. ವಾಸ್ನೆ ಅಂದ್ರೆ ಸಣ್ಣ ಸಣ್ಣ ಕಣ. ಒಂದೊಂದೂ ಬಂದೂಕಿನ ಗುಂಡಿನಂಗೆ ಓಡ್ತಾ ಇರ್ತವೆ."

"ಗುಂಡಿನಂಗೆ ಓಡೋದಾದ್ರೆ ಕೋಣೆಯಿಂದ ಇಲ್ಲಿಗೆ ಬರಾಕೆ ಇಷ್ಟೊತ್ತು ಯಾಕವ್ವ? ಶಿರಾ ಗೇಟಲ್ಲಿ ಇಳ್ದು ಟೀ ಕುಡ್ಕೊಂಡ್ ಬರ್ತವಾ?"

ಅರುಣಾಗೆ ನಗು ಬಂತು. "ಹೂಂ, ಶಿರಾ ಗೇಟ್ ಟ್ರಾಫಿಕ್ಕೇ ಅನ್ಕೊಳ್ಳಿ. ಗಾಳಿ ತುಂಬ ಕಣಗಳೇ, ಮಾತೆತ್ತಿದ್ರೆ ಡಿಕ್ಕಿ. ಅತ್ತ ಹೋಗೋವಷ್ಟೇ ಇತ್ತ ಬರ್ತವೆ, ದಿಕ್ಕು ಸೇರಿಸಿ ಕೂಡಿದ್ರೆ ಸೊನ್ನೆ. ಅದಕ್ಕೇ ನಾವು ಒಂದೊಂದರ ವೇಗಾನೂ ವರ್ಗ ಮಾಡಿ, ಸರಾಸರಿ ತೆಗೆದು, ಆಮೇಲೆ ವರ್ಗಮೂಲ ಹಿಡೀತೀವಿ. ಬಿಸಿ ಏರಿದ್ರೆ ಆ ವೇಗಾನೂ ಏರ್ತದೆ."

ಪುಟ್ಟಗಂಗಮ್ಮನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತೊಂದೇ. ಬಿಸಿಗೆ ಓಡುವುದು ತಂಪಿಗೆ ನಿಲ್ಲಬೇಕಲ್ಲ! ಮಾರನೆಯ ದಿನವೇ ಗೋಣಿತಾಟು ನೆನೆಸಿ ಕೋಣೆಯ ಕಿಟಕಿಗೆ ಕಟ್ಟಿದಳು, ನೆಲಕ್ಕೆ ನೀರು ಚಿಮುಕಿಸಿದಳು. ತಂಗಿಯ ವಾಸನೆ ಮನೆ ಬಿಟ್ಟು ಹೋಗಬಾರದು, ಅಷ್ಟೇ ಅವಳ ಆಸೆ. ಯುಗಾದಿ ಕಳೆಯುವಷ್ಟರಲ್ಲಿ ಸೀರೆಗೆ ಮೂಗು ಒತ್ತಿದರೆ ಮುಗ್ಗಲು ಮುಂದೆ, ಮರುಗ ಹಿಂದೆ.

"ಅಯ್ಯೋ ಅತ್ತೆ, ಹತ್ತು ಡಿಗ್ರಿ ಇಳಿಸಿದ್ರೂ ನೂರು ಮಾರು ಓಡೋದು ತೊಂಬತ್ತೆಂಟು ಮಾರು ಓಡ್ತದೆ. ವರ್ಗಮೂಲದ ಲೆಕ್ಕ ಹಂಗೇ, ಜುಜುಬಿ ವ್ಯತ್ಯಾಸ. ಒದ್ದೆ ತಾಟಿಗೆಲ್ಲ ನಿಲ್ಲಲ್ಲ," ಎಂದು ಅರುಣಾ ಬಿಗಿಮುಚ್ಚಳದ ಡಬ್ಬಿಯೊಂದನ್ನು ತಂದಿಟ್ಟಳು. "ಕೊಡಿ, ಮುಗ್ಗಲು ಹಿಡೀದೇ ಇರೋ ಸೀರೇನ ಇದಕ್ಕೆ ಹಾಕಿ ಮುಚ್ತೀನಿ. ಚಿಕ್ಕತ್ತೆ ವಾಸ್ನೆ ಬಹಳ ದಿನ ಉಳೀತದೆ."

ಪುಟ್ಟಗಂಗಮ್ಮ ಸೀರೆಯನ್ನು ಡಬ್ಬಿಯ ತನಕ ಒಯ್ದಳು. ಮುಚ್ಚಳಕ್ಕೆ ಕೈಯಿಟ್ಟಳು. ಅಷ್ಟರಲ್ಲಿ ಬೆನ್ನ ಹಿಂದೆ ಏನೋ ಬಂದು ನಿಂತಂತಾಯಿತು. ತೆಳ್ಳಗೆ, ಆದರೆ ಮರುಗವೇ. ಅವಳು ಸೀರೆಯನ್ನು ಎದೆಗವಚಿಕೊಂಡು ಹೋಗಿ ಹಗ್ಗದ ಮೇಲೆ ಹರವಿದಳು. ಗೋಣಿತಾಟನ್ನು ಕಿತ್ತೆಸೆದು ಬಂದು ಡಬ್ಬಿಯನ್ನು ಸೊಸೆಯ ಕಡೆಗೆ ಸರಿಸಿದಳು.

"ಬ್ಯಾಡ ಕಣವ್ವ, ನಿನ್ ಡಬ್ಬಿ ನೀನೇ ಇಟ್ಕೊ. ಮುಚ್ಚಿದ್ರೆ ಉಳೀತಾಳೆ, ಸರಿ. ನನ್ತಾವ ಬರೋದೆಂಗೆ? ಡಿಕ್ಕಿ ಹೊಡ್ಕೊಂಡೇ ಬರ್ಲಿ, ಮುಗಿಯೋಗಂಟ ಬರ್ಲಿ ಬುಡು."