ಅಜ್ಜಿಯ ಬಾಗಿಲು, ನಮ್ಮ ಕರಿಹಲಗೆ

ಇವತ್ತು ಮಕ್ಕಳು ಇದ್ದಿಲು, ತೊಂಡೆಸೊಪ್ಪು ಅರೆದು ಕರಿಹಲಗೆಗೆ ಬಳಿಯುತ್ತಿದ್ದರು. ಆ ಹಸಿ ವಾಸನೆಗೆ ನಾನು ಮತ್ತೆ ಎರಡನೇ ಕ್ಲಾಸಿನ ಹುಡುಗಿಯಾದೆ.

ಆ ವರ್ಷ ಮಕ್ಕಳು ಕಡಿಮೆಯೆಂದು ನಮ್ಮೂರ ಶಾಲೆ ಮುಚ್ಚಿ, ಸಾಮಾನನ್ನೆಲ್ಲ ಶಿಕಾರಿಪುರಕ್ಕೆ ಸಾಗಿಸಲು ಶಿಕ್ಷಣ ಇಲಾಖೆಯ ಸಾಹೇಬರು ಬಂದಿದ್ದರು. ಆಳುಗಳು ಕರಿಹಲಗೆಗೆ ಕೈ ಹಾಕಿದಾಗ, ಬಿಸಿಯೂಟ ಬೇಯಿಸುತ್ತಿದ್ದ ನನ್ನ ಅಜ್ಜಿ ಸೌಟು ಹಿಡಿದೇ ಬಂದಳು.

“ಅದು ನಮ್ಮನಿ ಬಾಗ್ಲು ರೀ. ಶಾಲಿ ಶುರುವಾದಾಗ ಹಲಗಿ ಇರ್ಲಿಲ್ಲ, ಕಿತ್ತು ಕೊಟ್ವಿ,” ಎಂದು ಅಂಚಿನ ತುಕ್ಕು ಹಿಡಿದ ಕೀಲುಗಳನ್ನು ತೋರಿಸಿದಳು.

“ಹಂಗಾದ್ರೆ ಮನಿಗೆ ಒಯ್ಯಮ್ಮ.”

“ಯಾಕ್ ಒಯ್ಲಿ? ಅಲ್ಲಿ ಹುಡುಗ್ರು ಕೂತಾವೇನು?”

ಸಾಹೇಬರು ಆಳುಗಳನ್ನು ಕರೆದುಕೊಂಡು ಜೀಪು ಹತ್ತಿದರು. ಶಾಲೆ ಉಳಿಯಿತು.

ಈಗ ನಾನಿಲ್ಲಿ ಅತಿಥಿ ಶಿಕ್ಷಕಿ. ಶಾಲೆ ಮುಚ್ಚುವ ಪತ್ರ ಮತ್ತೆ ಬಂದಿದೆ. ಸಾಹೇಬರೆದುರು ಅಜ್ಜಿಯಂತೆ ಮಾತಾಡಲು ನನಗೆ ಬರುವುದಿಲ್ಲ. ಇರಲಿ. ಎದ್ದು ಕಾಣುವಂತೆ ಆ ಕೀಲುಗಳ ತುಕ್ಕು ಉಜ್ಜಿಟ್ಟಿದ್ದೇನೆ, ನಾಳೆ ಅವರು ಬರಲಿ.