ಸರ್ಪಸುತ್ತಿನ ತಲೆ, ಬಾಲ

ಮರಳೂರಿನ ಚರ್ಮದ ಡಾಕ್ಟರು ನನ್ನ ಸೊಂಟದ ಗುಳ್ಳೆಗಳನ್ನು ನೋಡಿ "ಹರ್ಪಿಸ್ ಜೋಸ್ಟರ್" ಎಂದರು. ಮಾತ್ರೆಯ ಜೊತೆ ಅವರು ಬರೆದುಕೊಟ್ಟ ಲೋಷನ್‌ನ ಮುಚ್ಚಳ ತೆಗೆದರೆ ಒದ್ದೆ ಕೆಮ್ಮಣ್ಣಿನ ವಾಸನೆ.

ನಮ್ಮೂರು ಸಿ.ಎಸ್. ಪುರದಲ್ಲಿ ತಾತನಿಗೂ ಇದೇ ಆಗಿತ್ತು. ಸರ್ಪಸುತ್ತು ಎನ್ನುತ್ತಿದ್ದೆವು. ಅಜ್ಜಿ ಬೆಳಿಗ್ಗೆ ಕೆಮ್ಮಣ್ಣು ಕಲಸಿ ಹಚ್ಚುತ್ತಿದ್ದಳು. ಹಚ್ಚುವ ಮೊದಲು ಗುಳ್ಳೆಗಳ ಸಾಲು ಎಲ್ಲಿಗೆ ಬಂತೆಂದು ಬೆರಳಿಟ್ಟು ಅಳೆಯುತ್ತಿದ್ದಳು. ಸೊಂಟ ಸುತ್ತಿ ಸರ್ಪದ ತಲೆ, ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲವೆಂಬ ಭಯ.

"ಇನ್ನೂ ಜಾಗ ಐತೆ ಬುಡೇ," ಎಂದು ತಾತ ನಗುತ್ತಿದ್ದ. ಅಜ್ಜಿ ನಗುತ್ತಿರಲಿಲ್ಲ. ತಾತನಿಗೆ ವಾಸಿಯಾಯಿತು. ಅಜ್ಜಿಯ ಭಯ ವಾಸಿಯಾಗಲಿಲ್ಲ.

"ಸಾಮಾನ್ಯವಾಗಿ ಇದು ಮೈಯ ಒಂದೇ ಕಡೆ ಬರೋದು, ಸುತ್ತಲ್ಲ," ಎಂದು ಡಾಕ್ಟರು ನನಗೆ ಹೇಳಿದರು. ಅಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಲೋಷನ್ ಹಚ್ಚುವ ಮೊದಲು ಕನ್ನಡಿಗೆ ಬೆನ್ನು ಕೊಟ್ಟು ನಿಂತು, ಉಳಿದ ಜಾಗವನ್ನು ಬೆರಳಿಟ್ಟು ಅಳೆದೆ.